ಅಳಿಯಂದಿರು ಕೊಟ್ಟ ನೆಟ್ಟು

ನಮ್ಮ ಮನೆಗೆ ಇಂಟರ್‌ನೆಟ್ ಬಂದದ್ದು ಕಂಪನಿಯಿಂದಲ್ಲ, ಬೀಗರ ಕಡೆಯಿಂದ. ನನ್ನ ನಾದಿನಿಯನ್ನು ಹುಕ್ಕೇರಿಗೆ ಕೊಟ್ಟಿದೆ. ಅವಳ ಗಂಡ, ಅಂದರೆ ನಮ್ಮತ್ತೆಗೆ ಇರುವ ಒಬ್ಬರೇ ಅಳಿಯಂದಿರು, ಮೊದಲು ಬೋರ್‌ವೆಲ್ ಮೋಟಾರು ಮಾರುತ್ತಿದ್ದರು, ಆಮೇಲೆ ಶುದ್ಧ ನೀರಿನ ಕ್ಯಾನು, ಅದಾದ ಮೇಲೆ ಸೋಲಾರ್ ಹೀಟರು. ನೀರು ಬಿಟ್ಟು ಬಿಸಿಲಿಗೆ ಬಂದವರು ಅಲ್ಲಿಂದ ಇಂಟರ್‌ನೆಟ್ಟಿಗೆ ಹಾರಿದರು. ಹುಕ್ಕೇರಿಯಲ್ಲಿ ಆ ಧಂದೆಗೆ ಆಗಲೇ ಬೇರೆಯವರು ಇಳಿದಿದ್ದರು. ಮೂಡಲಗಿಯಲ್ಲಿ ಇನ್ನೂ ಯಾರೂ ಇಳಿದಿರಲಿಲ್ಲ, ಮೇಲಾಗಿ ಅತ್ತೆಯ ಮನೆ ಇತ್ತು. ಹೀಗಾಗಿ ಮೂಡಲಗಿ ಭಾಗದ ಏಜೆನ್ಸಿ ತಮಗೇ ಬೇಕೆಂದು ಕೇಳಿ ಪಡೆದುಕೊಂಡರು.

ಮೊದಲ ಕನೆಕ್ಷನ್ ನಮ್ಮ ಮನೆಗೇ ಎಂದಾಗ ನನಗೂ ಖುಷಿಯಾಗಿತ್ತು. ನಾನು ಮನೆಯಲ್ಲೇ ಕೂತು ಗೋಕಾಕದ ಒಂದು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುತ್ತೇನೆ. ಶಾಲೆ ಮಕ್ಕಳ ಗೈಡು, ಯಾವುದೋ ಸಂಘದ ಸ್ಮರಣ ಸಂಚಿಕೆ, ಒಮ್ಮೊಮ್ಮೆ ಇನ್ನೂ ಬದುಕಿರುವವರ ಜೀವನ ಚರಿತ್ರೆ. ಪುಟಗಳು ಬರುವುದೂ ಹೋಗುವುದೂ ನೆಟ್ಟಿನ ಮೇಲೆಯೇ. ಅದುವರೆಗೆ ಮೊಬೈಲನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟು ಅದರ ದಯೆಯಿಂದ ಕಂಪ್ಯೂಟರ್ ನಡೆಸುತ್ತಿದ್ದೆ. ಬೀಜ–ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಬಿಲ್ಲು ಕಳಿಸಲು ನೆಟ್ಟು ಬೇಕು, ಪಿಯುಸಿ ಓದುವ ಮಗಳಿಗೆ ಪಾಠಕ್ಕೆ ಬೇಕು (ಎಂದು ಅವಳು ಹೇಳುತ್ತಾಳೆ), ಅತ್ತೆಗೆ ಬೆಳಗಿನ ಪ್ರವಚನಕ್ಕೂ ಸಂಜೆಯ ಧಾರಾವಾಹಿಗೂ ಬೇಕು.

ಅಳಿಯಂದಿರು ಒಂದು ಕೈಯಲ್ಲಿ ಕರಿ ವೈರಿನ ಸುರುಳಿ, ಇನ್ನೊಂದು ಕೈಯಲ್ಲಿ ಕರದಂಟಿನ ಡಬ್ಬಿ ಹಿಡಿದು ಬಂದರು. ವೈಫೈಯ ಬಿಳಿ ಪೆಟ್ಟಿಗೆಯನ್ನು ಎಲ್ಲಿ ಕೂಡಿಸುವುದು ಎಂಬ ಪ್ರಶ್ನೆ ಎದ್ದಾಗ, "ಎತ್ತರದಾಗ ಇದ್ದಷ್ಟ ಛಲೋರಿ" ಎಂದರು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ದೇವರ ಜಗಲಿ. ಪೆಟ್ಟಿಗೆ ಅಲ್ಲಿಗೇ ಹೋಯಿತು. ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಒಂದು ಹೂವಿಟ್ಟು, ಕಾಯಿ ಒಡೆಸಿದರು. ಆ ಪೆಟ್ಟಿಗೆಗೆ ಪ್ರಾರ್ಥನೆಯ ಅಗತ್ಯ ಮುಂದೆ ಎಷ್ಟು ಬೀಳಲಿದೆ ಎಂದು ಆಗ ನಮಗೆ ತಿಳಿದಿರಲಿಲ್ಲ.

ನನ್ನ ಗಂಡ ಮೆಲ್ಲಗೆ ರೇಟು ಕೇಳಿದರು. ಅಳಿಯಂದಿರ ಮುಖ ಸಣ್ಣದಾಯಿತು.

"ಮನಿ ಮಂದಿ ಕಡೆ ಎಂಥಾ ರೇಟ್ರಿ? ಹೊರಗಿನವರಿಗೆ ಬ್ಯಾರೇನ ಐತಿ, ಅದನ್ನ ಬಿಡ್ರಿ. ನೀವು ಬರೇ ಕಂಪನಿ ಖರ್ಚ ಕೊಡ್ರಿ, ಸಾಕು."

ಆ ಬರೇ ಕಂಪನಿ ಖರ್ಚು ನಮ್ಮ ತಿಂಗಳ ಕರೆಂಟ್ ಬಿಲ್ಲಿಗಿಂತ ಜಾಸ್ತಿಯಿತ್ತು. ಆದರೆ ಸ್ಪೀಡು ನೂರು ಎಂದು ಕಾಗದದ ಮೇಲೆ ಅಚ್ಚಾಗಿತ್ತು. ಮಗಳು ಮೊಬೈಲಿನಲ್ಲಿ ಅಳೆದು ನೋಡಿದಳು. ಮುಳ್ಳು ಐದರ ಹತ್ತಿರ ಹೋಗಿ, ದಣಿದು, ನಾಲ್ಕಕ್ಕೆ ಬಂದು ಕೂತಿತು.

"ಮಾಮಾ, ನೂರ ಅಂದಿದ್ರಿ?" ಎಂದಳು.

"ನೂರಲ್ಲವಾ, ನೂರರ ತನಕ. ಓದಿ ನೋಡ. ನೂರರ ತನಕ ಅಂದ್ರ ನೂರ ದಾಟೂದಿಲ್ಲ ಅಂತ ಗ್ಯಾರಂಟಿ."

ಆ ಗ್ಯಾರಂಟಿಯನ್ನು ಅವರು ಒಂದು ದಿನವೂ ಮುರಿಯಲಿಲ್ಲ. ಅದನ್ನು ಒಪ್ಪಲೇಬೇಕು.

ಬೇರೆಯವರ ನೆಟ್ಟಾದರೆ ಜಗಳ ಮಾಡಬಹುದು, ದುಡ್ಡು ನಿಲ್ಲಿಸಬಹುದು, ವೈರು ಕಿತ್ತು ಬೀದಿಗೆಸೆಯಬಹುದು. ಅಳಿಯನ ನೆಟ್ಟಿಗೆ ಇವ್ಯಾವುವೂ ಅನ್ವಯಿಸುವುದಿಲ್ಲ. ನಾನು ಒಮ್ಮೆ ಅತ್ತೆಯ ಮುಂದೆ, ಹೀಗೇ ಆದರೆ ಕೆಲಸ ಹೇಗೆ ಮಾಡಲಿ ಎಂದು ಗೊಣಗಿದೆ. ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಟಿವಿಯಲ್ಲಿ ಸ್ವಾಮಿಗಳು ಬಾಯಿ ತೆರೆದು ನಿಂತುಬಿಟ್ಟಿದ್ದರು, ಅವರ ಮುಖದ ಮೇಲೆ ಒಂದು ಬಿಳಿ ಚಕ್ರ ತಿರುಗುತ್ತಿತ್ತು.

"ಅಳಿಯಂದ್ರು ಊಟಕ್ಕ ಕುಂತಾಗ ಪಲ್ಯಾಕ ಉಪ್ಪ ಕಮ್ಮಿ ಆದ್ರ ಏನರ ಅಂತಾರೇನ? ಸುಮ್ಮ ಉಂಡ ಏಳ್ತಾರ. ನಾವೂ ಹಂಗ ಇರಬೇಕು."

"ಅತ್ತಿ, ಸ್ವಾಮಿಗೋಳು ಆವಾಗಿಂದ ಹಂಗ ನಿಂತಾರ್ರಿ."

"ನಿಂದ್ರಲಿ. ದೊಡ್ಡವರು ವಿಚಾರ ಮಾಡಿ ಮಾತಾಡ್ತಾರ."

ಹಾಗಾಗಿ ದೂರು ಕೊಡುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ಮೊದಲು ಊಟ ಆಯಿತೇ ಎಂದು ಕೇಳಬೇಕು. ನಾದಿನಿಯ ಮೊಣಕಾಲು, ಮಕ್ಕಳ ಪರೀಕ್ಷೆ, ಹುಕ್ಕೇರಿಯ ಮಳೆ ಎಲ್ಲ ಮುಗಿದ ಮೇಲೆ, ಫೋನು ಇಡುವ ಹೊತ್ತಿಗೆ, ಈಗ ನೆನಪಾಯಿತು ಎನ್ನುವಂತೆ, "ನಮ್ಮ ಕಡೆ ನೆಟ್ ಸ್ವಲ್ಪ ನಾಚಿಕೊಳ್ಳಾಕತ್ತೈತ್ರಿ" ಎನ್ನಬೇಕು. ಆಗ ಅವರು ಕಾರಣ ಹೇಳುತ್ತಿದ್ದರು. ಕಾರಣಗಳ ವಿಷಯದಲ್ಲಿ ಅವರ ಸ್ಪೀಡಿಗೆ ಸಾಟಿ ಇರಲಿಲ್ಲ. ನಮ್ಮ ಮನೆಯ ಗೋಡೆ ದಪ್ಪ. ತಿಜೋರಿ ಕಬ್ಬಿಣದ್ದು. ಮಿಕ್ಸರ್ ಹಚ್ಚಿದಾಗ ಸಿಗ್ನಲ್ಲು ಒಡೆಯುತ್ತದೆ. ಮೋಡ ಇದ್ದರೆ ಮೋಡ, ಮೋಡ ಇಲ್ಲದಿದ್ದರೆ ಬಿಸಿಲಿಗೆ ವೈರು ಕಾಯುತ್ತದೆ. ಒಮ್ಮೆ ಮಾತ್ರ ಅವರಿಗೆ ಏನೂ ಹೊಳೆಯದೆ, "ಅದು ಏನಾಗೇತಿ ಅಂದ್ರ ವೈನಿ, ನಿಮ್ಮ ಮನ್ಯಾಗ ಎಲ್ಲಾರೂ ನೆಟ್ ಬಳಸಾಕತ್ತೀರಿ" ಎಂದಿದ್ದರು.

ಕಬ್ಬಿನ ಹಂಗಾಮು ಬಂದಾಗ ಅವರಿಗೆ ಕಾರಣ ಹುಡುಕುವ ಶ್ರಮವೂ ತಪ್ಪಿತು. ನಮ್ಮ ಲೈನು ಘಟಪ್ರಭಾ ಕಡೆಯಿಂದ ಬರುತ್ತಿತ್ತು. ದಾರಿಯಲ್ಲಿ ಸಿಕ್ಕ ಕಂಬ, ಬೇವಿನ ಗಿಡ, ಯಾರದೋ ಮಾಳಿಗೆಯ ಸರಳು, ಎಲ್ಲವನ್ನೂ ನೆಂಟರಂತೆ ಮಾತಾಡಿಸಿಕೊಂಡು ಬರುತ್ತಿತ್ತು. ಕಾರ್ಖಾನೆ ಸುರುವಾದ ಕೂಡಲೇ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು, ಮಾಳಿಗೆಯೆತ್ತರ ಕಬ್ಬು ಹೇರಿ, ಹಾಡು ಹಚ್ಚಿಕೊಂಡು ಹೊರಟವು. ಕಬ್ಬಿನ ಗರಿಗೆ ನಮ್ಮ ವೈರು ಸಿಕ್ಕು ಕಾರ್ಖಾನೆಯ ದಾರಿ ಹಿಡಿಯುತ್ತಿತ್ತು. "ಮೆಳವಂಕಿ ಕಡೆ ಕಟ್ ಆಗೇತ್ರಿ" ಎಂದು ಅಳಿಯಂದಿರು ಹೇಳುವಾಗ ಅವರ ದನಿಯಲ್ಲಿ ಒಂದು ನೆಮ್ಮದಿ ಇರುತ್ತಿತ್ತು; ಈ ಸಲದ ಕಾರಣವಾದರೂ ಖರೆ ಎಂಬ ನೆಮ್ಮದಿ. ತಿಂಗಳ ದುಡ್ಡಿಗೆ ಮಾತ್ರ ಯಾವ ಟ್ರಾಲಿಯೂ ತಾಗುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ತಿದ್ದಿದ ಪುಟಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಲು ಸುರು ಮಾಡಿದೆ. ಬೆಳಿಗ್ಗೆ ಕಳಿಸಲು ಹಚ್ಚಿಟ್ಟ ಫೈಲು ಸಂಜೆಯವರೆಗೆ ಅರ್ಧ ದಾರಿಯಲ್ಲಿರುತ್ತಿತ್ತು. ಅದೇ ಫೈಲನ್ನು ನಾನು ಪರ್ಸಿನಲ್ಲಿಟ್ಟುಕೊಂಡು, ಸಂತೆಗೆ ಹೊರಟ ಹೆಂಗಸರ ನಡುವೆ ನಿಂತು, ಗೋಕಾಕದಲ್ಲಿ ಕೊಟ್ಟು, ಚಹಾ ಕುಡಿದು, ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸಾಗುತ್ತಿದ್ದೆ. ಮೇಲಾಗಿ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೀಟು ಪುಕ್ಕಟೆ. ಸ್ಪೀಡು ಹೆಚ್ಚು, ಖರ್ಚು ಇಲ್ಲ, ತಿಂಗಳ ಪ್ಲ್ಯಾನಿನ ತಾಪತ್ರಯವೂ ಇಲ್ಲ. ಇದಕ್ಕಿಂತ ಒಳ್ಳೆಯ ಇಂಟರ್‌ನೆಟ್ ಬೆಳಗಾವಿ ಜಿಲ್ಲೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಮುದ್ರಣಾಲಯದ ಮಾಲಕರು ಒಂದೆರಡು ಸಲ ಪೆನ್‌ಡ್ರೈವ್ ಇಸಿದುಕೊಂಡರು. ಮೂರನೇ ಸಲ ನಕ್ಕೇಬಿಟ್ಟರು.

"ಅಕ್ಕಾರ, ಮನ್ಯಾಗ ನೆಟ್ ಇಲ್ಲೇನ್ರಿ?"

"ಐತ್ರಿ. ಅಳಿಯಂದ್ರದು."

ಅವರೂ ಅಳಿಯಂದಿರಿದ್ದ ಮನುಷ್ಯ. ತಟ್ಟನೆ ಅರ್ಥ ಮಾಡಿಕೊಂಡರು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸದೊಂದು ಕಂಪನಿಯ ಆಫೀಸಾಗಿದೆ, ಅವರ ಲೈನು ಈಗ ಮೂಡಲಗಿಗೂ ಹೋಗಿದೆ ಎಂದು ದನಿ ತಗ್ಗಿಸಿ ಹೇಳಿದರು, ಕಳ್ಳಭಟ್ಟಿ ಅಂಗಡಿಯ ದಾರಿ ಹೇಳುವವರ ಹಾಗೆ. ನಾನು ಸೆರಗು ಸರಿ ಮಾಡಿಕೊಂಡು, ಅತ್ತಿತ್ತ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ನೋಡಿ ಒಳಗೆ ಹೋದೆ. ಅಳಿಯಂದಿರಿಗೆ ಕೊಡುತ್ತಿದ್ದ ದುಡ್ಡಿನ ಅರ್ಧದಲ್ಲಿ ನೂರು ಸಿಗುತ್ತದೆ ಎಂದು ಅಲ್ಲಿನ ಹುಡುಗಿ ಹೇಳಿದಳು.

"ನೂರರ ತನಕಾನೋ?" ಎಂದು ಕೇಳಿದೆ.

"ಅಲ್ಲರಿ, ನೂರ" ಎಂದಳು. ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ.

ಊರಿಗೆ ಬಂದವಳೇ ಅಂಗಡಿಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಗೊಬ್ಬರದ ಚೀಲದ ಮೇಲೆ ಕೂತರು.

"ಮಾಡಸೂದು ದೊಡ್ಡದಲ್ಲ. ಅವ್ವಗ ಯಾರ ಹೇಳೋರು?"

"ಹೇಳೂದ ಯಾಕ್ರಿ?"

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಇಷ್ಟು ಬೇಗ ಒಂದು ಮಾತಿಗೆ ಬಂದದ್ದು ಅದೇ ಮೊದಲು. ಅತ್ತೆ ಕೊಣ್ಣೂರಿನ ತಂಗಿಯ ಮನೆಗೆ ಹೋದ ದಿನ ಹೊಸ ಕಂಪನಿಯವರನ್ನು ಕರೆಸಿದೆವು. ಹೊಸ ಪೆಟ್ಟಿಗೆಯನ್ನು ಅಡಿಗೆಮನೆಯ ಅಟ್ಟದಲ್ಲಿ ಹಪ್ಪಳದ ಡಬ್ಬಿಯ ಹಿಂದೆ ಕೂಡಿಸಿದೆವು. ಹಳೆಯದು ಜಗಲಿಯ ಮೇಲೆ ಹೂವು ಏರಿಸಿಕೊಂಡು ಹಾಗೆಯೇ ಇತ್ತು. ವೈಫೈಗೆ ಏನು ಹೆಸರಿಡಲಿ ಎಂದು ಜೋಡಿಸುವವನು ಕೇಳಿದಾಗ ಮಗಳು ಬುದ್ಧಿವಂತಿಕೆ ತೋರಿಸಿದಳು. ಹಳೆಯ ಪೆಟ್ಟಿಗೆಯ ಹೆಸರನ್ನು ಬೇರೆ ಮಾಡಿ, ಅದರ ಹೆಸರನ್ನೂ ಪಾಸ್‌ವರ್ಡನ್ನೂ ಹೊಸದಕ್ಕೆ ಇಡಿಸಿದಳು. ಮನೆಯ ಮೊಬೈಲುಗಳಿಗೂ ಟಿವಿಗೂ ತಾವು ಪಕ್ಷ ಬದಲಿಸಿದ್ದು ಗೊತ್ತಾಗಲಿಲ್ಲ.

ಅತ್ತೆ ಮರುದಿನ ಬಂದು ಟಿವಿ ಹಚ್ಚಿದರು. ಸ್ವಾಮಿಗಳು ಎಲ್ಲಿಯೂ ನಿಲ್ಲದೆ, ಉಸಿರು ತೆಗೆದುಕೊಳ್ಳದವರ ಹಾಗೆ ಮಾತಾಡಿದರು. ಅತ್ತೆ ಜಗಲಿಯ ಕಡೆ ತಿರುಗಿ ಕೈಮುಗಿದು, "ನೋಡಿದೇನ? ನಂಬಿ ಕುಂತವರಿಗೆ ದೇವರು ಕೊಡತಾನ. ನಮ್ಮ ಅಳಿಯಂದ್ರು ಏನೋ ಮಾಡ್ಯಾರ" ಎಂದರು. ನಾನೂ ಕೈಮುಗಿದೆ. ಎರಡು ಕಂಪನಿಗೆ ದುಡ್ಡು ಕಟ್ಟುವವರಿಗೆ ಭಕ್ತಿ ತಾನಾಗಿಯೇ ಬರುತ್ತದೆ.

ಪಂಚಮಿಗೆ ನಾದಿನಿ ಮಕ್ಕಳೊಂದಿಗೆ ತವರಿಗೆ ಬಂದಳು. ಹಬ್ಬ ಮುಗಿದ ಮೇಲೆ ಅವಳನ್ನು ಕರೆದೊಯ್ಯಲು ಅಳಿಯಂದಿರು ಬಂದರು. ಪಡಸಾಲೆಯಲ್ಲಿ ಕೂತು ಶೇಂಗಾ ಉಂಡಿ ಬಾಯಿಗೆ ಹಾಕಿಕೊಂಡು ಮೊಬೈಲ್ ತೆಗೆದರು. ಅವರ ಮೊಬೈಲಿಗೂ ನಮ್ಮ ಪಾಸ್‌ವರ್ಡು ನೆನಪಿತ್ತು. ವಿಡಿಯೋ ತೆರೆಯಿತು, ಹುಕ್ಕೇರಿಯ ಯಾರದೋ ಮದುವೆ, ಒಂದು ಕ್ಷಣವೂ ನಿಲ್ಲದೆ ಓಡಿತು. ಅವರ ಬಾಯಲ್ಲಿದ್ದ ಉಂಡಿ ಮಾತ್ರ ಅಲ್ಲೇ ನಿಂತಿತು. ಸ್ಪೀಡು ಅಳೆದು ನೋಡಿದರು. ಮತ್ತೊಮ್ಮೆ ಅಳೆದರು. ಆಮೇಲೆ ಎದ್ದು ದೇವರ ಕೋಣೆಗೆ ಹೋಗಿ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ನಾನು ಬಾಗಿಲಿಗೆ ಒರಗಿ, ಇನ್ನು ಮುಗಿಯಿತು, ಬೀಗತನ ಇವತ್ತಿಗೆ ಕೊನೆ ಎಂದುಕೊಂಡೆ. ಗಂಡ ಅಂಗಡಿಯಲ್ಲಿ ಅರ್ಜೆಂಟ್ ಕೆಲಸ ನೆನಪಾಗಿ ಚಪ್ಪಲಿ ಹುಡುಕುತ್ತಿದ್ದರು.

ಅಳಿಯಂದಿರು ಹೊರಗೆ ಬಂದವರೇ ಮೊಬೈಲನ್ನು ಅತ್ತೆಯ ಮುಖಕ್ಕೆ ಹಿಡಿದರು.

"ನೋಡ್ರಿ ಅತ್ತಿ! ಯಾರರ ನಮ್ಮ ನೆಟ್ ಸ್ಲೋ ಐತಿ ಅಂದ್ರ ಅವರನ್ನ ಇಲ್ಲೆ ಕರಕೊಂಡ ಬರ್ರಿ!"

ಕರೆದುಕೊಂಡು ಬರುವ ಕೆಲಸವನ್ನು ಅವರೇ ಮಾಡಿದರು. ಮುಂದಿನ ವಾರದಿಂದ ನಮ್ಮ ಪಡಸಾಲೆ ಅವರ ಶೋರೂಮ್ ಆಯಿತು. ಔಷಧಿ ಅಂಗಡಿಯವರು ಬಂದರು, ಫೋಟೋ ಸ್ಟುಡಿಯೋದವರು ಬಂದರು, ಹೊಸದಾಗಿ ಮನೆ ಕಟ್ಟಿಸಿದ ಮಾಸ್ತರರು ಹೆಂಡತಿಯ ಸಮೇತ ಬಂದರು. ಪ್ರತಿಯೊಬ್ಬರೂ ಮೊಬೈಲ್ ಹಿಡಿದು ಕೂತು ಮುಳ್ಳು ನೂರಕ್ಕೇರುವುದನ್ನು ನೋಡಿ ತಲೆದೂಗಿದರು. ಅಟ್ಟದ ಮೇಲೆ ಹಪ್ಪಳದ ಹಿಂದೆ ದುಡಿಯುತ್ತಿದ್ದ ಪೆಟ್ಟಿಗೆಯ ಪುಣ್ಯವೆಲ್ಲ ಜಗಲಿಯ ಪೆಟ್ಟಿಗೆಗೆ ಜಮೆಯಾಯಿತು. ಎಲ್ಲರಿಗೂ ಚಹಾ ಮಾಡುವ ಪುಣ್ಯ ನನ್ನದಾಯಿತು. ನೆಟ್ಟು ಇಷ್ಟು ಛಲೋ ಓಡುವಾಗ ಹಳೆಯ ರೇಟು ಕಂಪನಿಗೆ ಗಿಟ್ಟುವುದಿಲ್ಲ ಎಂದು ಅಳಿಯಂದಿರು ಸಂಕೋಚದಿಂದ ಹೇಳಿದರು. ನಮ್ಮ ತಿಂಗಳ ಬಿಲ್ಲು ಏರಿತು.

ಹೊಸ ಗಿರಾಕಿಗಳು ಮನೆಯಲ್ಲಿ ವೈರು ಹಾಕಿಸಿಕೊಂಡ ಮೇಲೆ ನಡೆದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅವರ ಸಿಟ್ಟು ಅಳಿಯಂದಿರ ಮೇಲೆ ಹೋಗಲಿಲ್ಲ, ನಮ್ಮ ಮೇಲೆ ಬಂತು. ಔಷಧಿ ಅಂಗಡಿಯವರ ಕಡೆ ನಾನು ಅತ್ತೆಯ ಬಿಪಿ ಗುಳಿಗೆ ತರಲು ಹೋದಾಗ ಅವರು ಚೀಟಿಯನ್ನೂ ನೋಡಲಿಲ್ಲ.

"ಅಕ್ಕಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಒಂದ ವೈರಿನ್ಯಾಗ ಎಲ್ಲಾರಿಗೂ ನೆಟ್ ಬರತೈತಿ. ನಿಮ್ಮ ಮನ್ಯಾಗ ಕುದರಿ ಓಡಿದಂಗ ಓಡತೈತಿ, ನಮಗ ಬರೂತನಕ ಕುಂಟತೈತಿ. ಅಳಿಯಂದ್ರು ಇದ್ದಬದ್ದ ಸ್ಪೀಡೆಲ್ಲಾ ಅತ್ತಿ ಮನಿಗೆ ಬಿಟ್ಟಾರಂತ ಓಣಿ ಮಂದಿ ಮಾತಾಡಾಕತ್ತಾರ."

"ಹಂಗೇನಿಲ್ಲರಿ" ಎಂದೆ. ಹೇಗೆ ಎಂದು ಹೇಳುವಂತಿರಲಿಲ್ಲ. ಊರಿನವರ ಸ್ಪೀಡನ್ನೆಲ್ಲ ಕುಡಿದ ಮನೆ ಎಂಬ ಬಿರುದು ಹೊತ್ತು, ಗುಳಿಗೆ ಹಿಡಿದುಕೊಂಡು ಬಂದೆ. ಮಾಸ್ತರರ ಹೆಂಡತಿ ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಅತ್ತೆಗೆ ಮಾತ್ರ ಈ ಅಪವಾದದಿಂದ ಎದೆ ಉಬ್ಬಿತು. ಅಳಿಯ ಅಂದರೆ ಹೀಗಿರಬೇಕು ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಂಡರು.

ಚಳಿಗಾಲದಲ್ಲಿ ನಾದಿನಿಯ ಮನೆಯ ಮೇಲೆ ಹೊಸ ಕೋಣೆ ಕಟ್ಟಿಸಿದ ಪೂಜೆಗೆ ನಾವೆಲ್ಲ ಹುಕ್ಕೇರಿಗೆ ಹೋದೆವು. ಊಟದ ಹೊತ್ತಿಗೆ ಮುದ್ರಣಾಲಯದಿಂದ ಫೋನು ಬಂತು. ಒಂದು ಮುಖಪುಟವನ್ನು ಆಗಿಂದಾಗ ನೋಡಿ ಹೇಳಬೇಕಿತ್ತು. ಅಳಿಯಂದಿರ ಪಡಸಾಲೆಯಲ್ಲಿ ಅವರದೇ ಕಂಪನಿಯ ಪೆಟ್ಟಿಗೆಯನ್ನು ಗಾಜಿನ ಕಪಾಟಿನಲ್ಲಿ ಸನ್ಮಾನದ ಶಾಲುಗಳ ಪಕ್ಕ ಇಟ್ಟಿದ್ದರು. ನಾನು ಪಾಸ್‌ವರ್ಡು ಕೇಳಿದೆ. ನಾದಿನಿ ನನ್ನ ಕೈ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಅದನ್ನ ಮುಟ್ಟಬ್ಯಾಡ್ರಿ ವೈನಿ. ಅದು ಬಂದ ಹೋದವರಿಗೆ ತೋರಿಸಾಕ ಐತಿ. ಇದನ್ನ ತಗೋರಿ" ಎಂದು ತನ್ನ ಮೊಬೈಲಿನಲ್ಲಿ ಬೇರೊಂದು ಹೆಸರು ತೋರಿಸಿದಳು. ನಮ್ಮ ಅಟ್ಟದ ಮೇಲಿದ್ದ ಕಂಪನಿಯದೇ ಹೆಸರು.

"ನಿಮ್ಮ ಮನಿಯವರಿಗೆ ಗೊತ್ತಿಲ್ಲೇನ ಇದು?" ಎಂದೆ.

"ಅವರ ಹಾಕಿಸ್ಯಾರ್ರಿ! ಇಲ್ಲಾಂದ್ರ ಅವರ ಆಫೀಸ ಕೆಲಸಾ ಹೆಂಗ ಆಗಬೇಕು?"

ನನ್ನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದು ಹೇಳಿದಳು: "ನಿಮ್ಮದೂ ಅವರಿಗೆ ಪಂಚಮಿಗೆ ನನ್ನ ಕರಿಯಾಕ ಬಂದಾಗನ ಗೊತ್ತಾಗೇತಿ. ಜಗಲಿ ಮ್ಯಾಲಿನ ಡಬ್ಬ್ಯಾಗ ಕೆಂಪ ಲೈಟ ಇತ್ತಂತ. ಲೈನ ಕಟ್ ಆಗಿ ಎಷ್ಟ ದಿನ ಆಗಿತ್ತೋ ಏನೋ! ಗಾಡ್ಯಾಗ ಹುಕ್ಕೇರಿ ಬರೂತನಕ ನಕ್ಕೋತ ಬಂದ್ರು. 'ನಿಮ್ಮ ವೈನಿ ಭಾಳ ಶ್ಯಾಣ್ಯಾ ಅದಾರ, ನನ್ನ ಧಂದೆ ಉಳಿಸಿದ್ರು' ಅಂದ್ರು."

ಆ ಕೆಂಪು ದೀಪವನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು. ಅತ್ತೆ ಅದಕ್ಕೆ ನಮಸ್ಕಾರವನ್ನೂ ಮಾಡುತ್ತಿದ್ದರು. ಮೋಸ ಮಾಡುತ್ತಿದ್ದೇವೆ ಎಂಬ ಅಳುಕಿನಲ್ಲಿ ನಾನು ತಿಂಗಳುಗಟ್ಟಲೆ ಆ ಮನುಷ್ಯನ ಗಿರಾಕಿಗಳಿಗೆ ಏಲಕ್ಕಿ ಹಾಕಿ ಚಹಾ ಮಾಡಿಕೊಟ್ಟಿದ್ದೆ. ಸಿಟ್ಟು ಬಂತು, ಆದರೆ ಬರುವಷ್ಟು ಬರಲಿಲ್ಲ. ಒಳಗೊಳಗೇ ಹಗುರವೂ ಆಗಿತ್ತು. ಊಟದ ಪಂಕ್ತಿಯಲ್ಲಿ ಅಳಿಯಂದಿರು ತಾವೇ ಬಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, "ನೆಟ್ ಹೆಂಗ ಐತ್ರಿ ವೈನಿ?" ಎಂದು ಕೇಳಿದರು. ಬಾಜೂದಲ್ಲಿ ಅತ್ತೆ ಕೂತಿದ್ದರು.

"ನಿಮ್ಮ ದಯೆಯಿಂದ ಭಾಳ ಛಲೋ ಐತ್ರಿ" ಎಂದೆ.

ಯುಗಾದಿಯ ಹೊತ್ತಿಗೆ ಮೂಡಲಗಿಯ ಗಿರಾಕಿಗಳು ಒಬ್ಬೊಬ್ಬರಾಗಿ ಅವರ ಲೈನು ಬಿಟ್ಟರು. ಅಳಿಯಂದಿರು ಎದೆಗುಂದಲಿಲ್ಲ. ಹೊಸ ಕಂಪನಿಯವರ ಮೂಡಲಗಿ ಏಜೆನ್ಸಿಯನ್ನೇ ಹಿಡಿದುಕೊಂಡು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಹಳೆಯ ಕಂಪನಿಯನ್ನು ಇಷ್ಟು ದಿನ ಬೈದುಕೊಳ್ಳಲು ನಮಗೆ ಬಾಯಿ ಇರಲಿಲ್ಲ. ಆ ಕೆಲಸವನ್ನು ಅವರೇ ಅರ್ಧ ಗಂಟೆ ಕೂತು ಮಾಡಿದರು. ಆಮೇಲೆ ಹೊಸದನ್ನು ಹೊಗಳಿದರು. ಕೊನೆಗೆ ನನ್ನ ಕಡೆ ತಿರುಗಿ, ಅಟ್ಟದ ಮೇಲಿನದನ್ನು ಬಂದ್ ಮಾಡಿಸಿ ಅದನ್ನೇ ತಮ್ಮ ಕಡೆಯಿಂದ ಹೊಸದಾಗಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ತಮಗೆ ಕಮಿಷನ್ನು ಕೂಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಅಟ್ಟ ಎಂಬ ಮಾತು ಕೇಳಿ ಅತ್ತೆ ತಲೆಯೆತ್ತಿದರು. "ಹಪ್ಪಳದ ಮಾತ, ಅವ್ವಾ" ಎಂದು ನನ್ನ ಗಂಡ ತೇಲಿಸಿದರು.

ಹಾಗೆ ನಾವು ನಮ್ಮಲ್ಲಿದ್ದ ನೆಟ್ಟನ್ನು ಕೀಳಿಸಿ, ಜೋಡಣೆಯ ದುಡ್ಡನ್ನು ಮತ್ತೊಮ್ಮೆ ಕೊಟ್ಟು, ಅದೇ ನೆಟ್ಟನ್ನು ಅದೇ ಜಾಗಕ್ಕೆ ತಂದುಕೊಂಡೆವು. ನಡುವೆ ಕೆಲವು ದಿನ ನಾನು ಮತ್ತೆ ಬಸ್ಸು ಹತ್ತಿದೆ. ಬಂದ ಮೇಲೆ ಓಡುತ್ತಿದೆ, ಇಲ್ಲವೆನ್ನಲಾರೆ; ರೇಟು ಮಾತ್ರ ಮನೆ ಮಂದಿಯದು.

ಹೋದ ತಿಂಗಳು ಎರಡು ದಿನ ಲೈನು ಸತ್ತು ಬಿದ್ದಾಗ ಮಗಳು ಯಾರನ್ನೂ ಕೇಳದೆ ಕಂಪನಿಯ ಆ್ಯಪಿನಲ್ಲಿ ದೂರು ಬರೆದು ಹಾಕಿದಳು. ಕಂಪನಿ ಅದನ್ನು ಮೂಡಲಗಿಯ ಏಜೆಂಟರಿಗೆ ಕಳಿಸಿತು. ಏಜೆಂಟರು ಅತ್ತೆಗೆ ಫೋನ್ ಮಾಡಿದರು. ಅತ್ತೆ ಮೊಬೈಲನ್ನು ಕೈಯಲ್ಲಿ ಹಿಡಿದು ಅಡಿಗೆಮನೆಗೆ ಬಂದು ಕಣ್ಣು ದೊಡ್ಡದು ಮಾಡಿದರು.

"ನಮ್ಮ ಮನಿಯಿಂದ ಯಾರೋ ಅಳಿಯಂದ್ರ ಮ್ಯಾಲ ದೂರ ಕೊಟ್ಟಾರಂತ! ನಮ್ಮ ಮನ್ಯಾಗ ಅಂಥವರ ಯಾರದಾರ?"

ನಾನು ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡೆ. ಊಟ ಆಯಿತೇ ಎಂದು ಕೇಳಿದೆ. ನಾದಿನಿಯ ಮೊಣಕಾಲು ಹೇಗಿದೆ ಎಂದು ಕೇಳಿದೆ. ಮೊಣಕಾಲು ಛಲೋ ಇದೆ ಎಂದರು.

"ವೈನಿ, ಲೈನ್ ಸಂಜೀಕ ಸರಿ ಮಾಡಸ್ತೇನಿ. ಆ ದೂರಿನ ಕೆಳಗ ಸ್ಟಾರ್ ಕೇಳತೈತಿ ನೋಡ್ರಿ, ಐದಕ್ಕ ಐದ ಒತ್ತಿಬಿಡ್ರಿ. ಅಂದ್ರ ಅದು ಮುಚ್ಚಿ ಹೊಕ್ಕೈತಿ."

ಮಗಳ ಮೊಬೈಲಿನಲ್ಲಿ ಆ್ಯಪ್ ತೆರೆದೆ. ಅತ್ತೆ ಎದುರಿಗೇ ನಿಂತು ನನ್ನ ಬೆರಳು ನೋಡುತ್ತಿದ್ದರು. ಐದೂ ಒತ್ತಿದೆ.